ಕುಂಕುಮ ಹಚ್ಚಿದ ಗುಂಡಿ

ಒಂದೂರಲ್ಲಿ ಒಬ್ಬ ಸಾಹುಕಾರ ಇದ್ದ. ಮಕ್ಕಳ ಜ್ವರಕ್ಕೆ ಸಿರಪ್ ಮಾಡೋ ಕಾರ್ಖಾನೆ ಅವನದು. ಸಿರಪ್ಪಿನೊಳಗೆ ಬೆಳಕು ಹಾಯಿಸಿ ಮದ್ದು ಅಳೆಯೋ ಯಂತ್ರ ಅಲ್ಲಿತ್ತು. ಮದ್ದು ಹೆಚ್ಚಿದ್ದಷ್ಟೂ ಬೆಳಕನ್ನು ಹೆಚ್ಚು ನುಂಗುತ್ತೆ, ಅಷ್ಟೇ ಲೆಕ್ಕ. ಯಾವ ಬಣ್ಣದ ಬೆಳಕು ಅನ್ನೋದನ್ನ ಸಾಹುಕಾರನ ಅಪ್ಪ ಒಂದು ಗುಂಡಿ ತಿರುಗಿಸಿ ಗೊತ್ತುಮಾಡಿದ್ದ. ಪ್ರತಿ ಆಯುಧಪೂಜೆಗೂ ಆ ಗುಂಡಿಗೆ ಕುಂಕುಮ ಹಚ್ಚಿ ಹಚ್ಚಿ, ಅದನ್ನ ಮುಟ್ಟೋಕೂ ಜನ ಹೆದರ್ತಿದ್ದರು.

ನೋಡಿ, ಅಪ್ಪನ ಕಾಲದ ಸಿರಪ್ಪಲ್ಲಿ ಇದ್ದದ್ದು ಜ್ವರದ ಮದ್ದೊಂದೇ. ಮಗ ಅದಕ್ಕೆ ನೆಗಡಿ ಮದ್ದನ್ನೂ ಬೆರೆಸಿದ. ಸಿರಪ್ ಬದಲಾಯ್ತು. ಗುಂಡಿ ಬದಲಾಯ್ತೇ? ಇಲ್ಲ!

ಹೊಸದಾಗಿ ಬಂದ ಕೆಮಿಸ್ಟ್ ಅನಸೂಯ ನೆಗಡಿ ಮದ್ದೊಂದನ್ನೇ ಇಟ್ಟು ನೋಡಿದಳು. ಅದೂ ಆ ಬೆಳಕನ್ನು ನುಂಗಿತು. ಅಂದರೆ ಒಂದು ಕಮ್ಮಿಯಾಗಿ ಇನ್ನೊಂದು ಜಾಸ್ತಿಯಾದರೂ ಯಂತ್ರ 'ಸರಿ' ಅಂತಲೇ ತೋರಿಸುತ್ತೆ. ಕುಡಿಯೋದು ಎಳೆ ಮಕ್ಕಳು! ಬಾಗಿಲಲ್ಲಿ ಅದೇ ಸಿರಪ್ ತುಂಬಿದ ಲಾರಿ ಹೊರಡೋಕೆ ನಿಂತಿತ್ತು.

ಕೋಟಿನ ತೋಳಿನಿಂದ ಕುಂಕುಮ ಒರೆಸಿಯೇಬಿಟ್ಟಳು.

"ಏಯ್, ಮುಟ್ಟಬೇಡ! ನಮ್ಮಪ್ಪ ಇಟ್ಟದ್ದು ಅದು!" ಸಾಹುಕಾರ ಗುಡುಗಿದ.

"ನಿಮ್ಮಪ್ಪ ಅವರ ಸಿರಪ್ಪಿಗೆ ಇಟ್ಟರು ಸಾರ್. ಇದು ನಿಮ್ಮದು."

"ಕೆಲಸ ಹೋಗುತ್ತೆ ನಿನ್ನದು!"

"ಹೋಗಲಿ. ಗುಂಡಿ ಮಾತ್ರ ತಿರುಗಿಸೇ ತಿರುಗಿಸ್ತೀನಿ."

ಒಂದೊಂದು ಮದ್ದನ್ನೂ ಬೇರೆಬೇರೆ ಇಟ್ಟು, ಬೆಳಕು ಬದಲಾಯಿಸುತ್ತಾ ಹುಡುಕಿದಳು. ಜ್ವರದ ಮದ್ದು ಚೆನ್ನಾಗಿ ನುಂಗಿ ನೆಗಡಿಯದ್ದು ಸುಮ್ಮನಿರೋ ಬೆಳಕೊಂದು ಸಿಕ್ಕಿತು. ಅದಕ್ಕೆ ತಿರುಗುಮುರುಗಾದದ್ದೂ ಸಿಕ್ಕಿತು. ಆ ಎರಡರಲ್ಲೂ ಸಿರಪ್ ಇಟ್ಟಳು. ಜ್ವರದ ಮದ್ದು ತೀರಾ ಕಮ್ಮಿ, ನೆಗಡಿಯದ್ದು ವಿಪರೀತ!

"ನಿನ್ನ ಲೆಕ್ಕ ಯಾರಿಗೆ ಬೇಕು?" ಅಂದ ಸಾಹುಕಾರ.

"ಮೊಮ್ಮಗಳಿಗೆ ಜ್ವರ ಅಂತಿದ್ರಲ್ಲ ಬೆಳಿಗ್ಗೆ? ತಗೊಳ್ಳಿ, ಇದೇ ಬಾಟ್ಲಿ ಒಯ್ದು ಕುಡಿಸಿ."

ಅವನ ಕೈ ಮುಂದೆ ಬಂತು. ಅಲ್ಲೇ ನಿಂತಿತು. ಆಮೇಲೆ ಬಾಗಿಲಿಗೆ ಓಡಿ, "ಲಾರಿ ನಿಲ್ಲಿಸ್ರೋ!" ಅಂತ ತಾನೇ ಕೂಗಿದ.

ನಗ್ತೀರಾ? ನಗಬೇಡಿ. ನಿಮ್ಮನೇಲೂ ಕುಂಕುಮ ಹಚ್ಚಿದ ಗುಂಡಿ ಇದೆ. ಸೊಸೆ ಬಂದ ಹೊಸದರಲ್ಲಿ ಹಾಲು ಸೀಯಿಸಿದಳು, ಇವತ್ತಿಗೂ ಅದೇ ಬೆಳಕಲ್ಲಿ ಅವಳನ್ನ ಅಳೀತೀರಿ. ಮಗ ಮಾತಾಡದಿದ್ರೆ ಸೊಕ್ಕು ಅಂತೀರಿ. ಅದು ಸೊಕ್ಕೋ, ಸಂಕಟವೋ? ಬಾಯಿ ಮುಚ್ಚಿ ಕೂತಾಗ ಎರಡೂ ಒಂದೇ ಥರ ಕಾಣ್ತವೆ ತಾಯೀ! ಹತ್ತಿರ ಕೂತು, 'ಊಟ ಮಾಡಿದ್ಯಾ ಮಗಾ?' ಅಂತ ಕೇಳಿ ನೋಡಿ, ಯಾವುದು ಅಂತ ತಿಳಿಯುತ್ತೆ. 'ನಮ್ಮ ಹಿರಿಯರೂ ಹೀಗೇ ನೋಡ್ತಿದ್ರು' ಅಂತೀರಾ? ನಾನು ಒಪ್ಪಲ್ಲ. ಆ ಗುಂಡಿಗೆ ಯಾರು ಹಚ್ಚಿದ ಕುಂಕುಮವಾದರೂ ಸರಿ, ಇವತ್ತು ಮನೆಗೆ ಹೋದವರೇ ಒರೆಸಿ. ಗುಂಡಿ ತಿರುಗಿಸಿ. ತೀರ್ಪು ಆಮೇಲೆ ಹೇಳಿ.