ಅಣ್ಣನ ಪುಣ್ಯ

ಐಸಿಯು ಎದುರಿನ ಬೆಂಚಿನಲ್ಲಿ ಹೆಂಡತಿಯ ಸುದ್ದಿಗಾಗಿ ಕಾಯುತ್ತಿದ್ದ ದರ್ಜಿ ಕಣ್ಣನ್ನು ಗೋಡೆಯ ಮೇಲಿಟ್ಟು, ಕಿವಿಯನ್ನು ಮಾತ್ರ ಪಕ್ಕದ ಅಕ್ಕ-ತಂಗಿಯರ ಕಡೆಗೆ ಬಿಟ್ಟಿದ್ದ.

“ಒಳಗೆ ಹೋಗಿ ಮಾಫ್ ಮಾಡಿದೆ ಅಂತ ಒಂದು ಮಾತು ಹೇಳಿಬಿಡಕ್ಕ. ಬೆಳಗ್ಗೆಯಿಂದ ಅಣ್ಣ ನಿನ್ನನ್ನೇ ಕೇಳ್ತಿದ್ದಾನೆ.”

“ಅಲ್ಲಾಹನ್ನ ಕೇಳ್ಕೊಳ್ಳಲಿ.”

“ನಿನಗೆ ಮಾಡಿದ ಅನ್ಯಾಯನ ನೀನೇ ಮಾಫ್ ಮಾಡ್ಬೇಕು. ಅಲ್ಲೀವರೆಗೂ ಅಲ್ಲಾಹ್ ಕೂಡ ಮಾಡಲ್ಲ. ಗೊತ್ತಿಲ್ವಾ ನಿನಗೆ?”

“ಗೊತ್ತಿರೋದಕ್ಕೇ ಇಲ್ಲಿ ಕೂತಿದ್ದೀನಿ. ಗಂಡಿನ ಅಪ್ಪನ ಮೇಲಿನ ಸಿಟ್ಟಿಗೆ, ನನಗೆ ಫಿಟ್ಸ್ ಬರುತ್ತೆ ಅಂತ ಸುಳ್ಳು ಹೇಳಿ ಗೊತ್ತಾಗಿದ್ದ ಮದುವೆ ಮುರಿದ. ಕಿಯಾಮತ್ ದಿನ ಪಾಪ-ಪುಣ್ಯದ ತಕ್ಕಡಿ ಮುಂದೆ ತೀರ್ಮಾನ ಆಗ್ಲಿ.”

“ಅಲ್ಲಿ ಅವನ ಪುಣ್ಯ ಕಿತ್ತು ನಿನಗೆ ಕೊಡ್ತಾರೆ.”

“ಕೊಡ್ಲಿ. ಬೇಡ ಅಂದೋರ್ಯಾರು?”

“ಅವನ ಹತ್ರ ಇರೋದಾದ್ರೂ ಏನು? ನಮಾಜಿಲ್ಲ, ರೋಜಾ ಇಲ್ಲ. ಹಾಸಿಗೆ ಹಿಡಿದ ಅಮ್ಮನ ಹೊಲಸು ಬಳಿದನಲ್ಲ, ಅದೊಂದೇ. ಅದನ್ನೂ ಕಿತ್ಕೊಳ್ತೀಯಾ?”

ಅಕ್ಕ ಸೆರಗಿನ ಅಂಚಿನ ದಾರವನ್ನು ಎಳೆದೆಳೆದು ಹೊಲಿಗೆಯೇ ಬಿಟ್ಟುಬಂದದ್ದು ದರ್ಜಿಯ ಓರೆಗಣ್ಣಿಗೆ ಬಿತ್ತು.

ನರ್ಸ್ ಬಾಗಿಲು ತೆರೆದು ಅಕ್ಕ-ತಂಗಿಯರ ಕಡೆ ನೋಡಿದಳು. “ನಿಮ್ಮಲ್ಲಿ ಒಬ್ಬರು ಬನ್ನಿ, ಬೇಗ.”

ಅಕ್ಕ ಎದ್ದಳು.

“ಮಾಫ್ ಮಾಡ್ತೀಯಲ್ಲಾ?”

“ಇಲ್ಲ. ಅಮ್ಮನ ಸೇವೆ ಮಾಡಿದ ಪುಣ್ಯ ಮಾತ್ರ ಮುಟ್ಟಲ್ಲ ಅಂತ ಹೇಳಿ ಬರ್ತೀನಿ.”

“ಬೇರೆ ಏನೂ ಇಲ್ವಲ್ಲಕ್ಕ ಅವನ ಹತ್ರ.”

“ಗೊತ್ತು,” ಎಂದು ಅಕ್ಕ ಒಳಗೆ ಹೋದಳು.