ಟವೆಲ್ ಹೊದ್ದ ಡ್ರ್ಯಾಗನ್

…ಅಲ್ಲ ರಶ್ಮಿ, ಜಂಬಣ್ಣ ಮಾವ ಅಂದ ಮಾತು ನೀನು ಮರೆತಿರಬಹುದು, ನಾನು ಮರೆತಿಲ್ಲ. "ಈ ಜಯಶೀಲಾ ಕೈಲಿ ಆಗೋ ಮಾತಲ್ಲ ಬಿಡ್ರಪ್ಪ. ಹೆಣ್ಣು ಹುಡುಗಿ ವಿಡಿಯೋ ಗೇಮಿನ ಅಂಗಡಿ ಇಡ್ತಾಳಂತೆ! ಮೂರು ತಿಂಗಳಿಗೆ ಬೀಗ ಬೀಳುತ್ತೆ." ಎಲ್ಲಿ ಅಂದ್ರು? ನಿನ್ನ ಮದುವೇಲಿ, ಪಂಕ್ತಿ ಮಧ್ಯೆ ಕೂತು, ಹೋಳಿಗೆಗೆ ತುಪ್ಪ ಹಾಕಿಸ್ಕೊಳ್ತಾ ಅಂದ್ರು. ತಂಗಿ ಮದುವೆ ಅಂತ ಬಡಿಸ್ತಾ ಇದ್ದೋಳು ನಾನೇ! ತುಪ್ಪದ ಮಿಳ್ಳೆ ನನ್ನ ಕೈಲೇ ಇತ್ತು. ತಲೆ ಮೇಲೆ ಸುರಿದುಬಿಡೋಣ ಅನ್ನಿಸ್ತು… ನಗು, ನಗು. ಸುರಿಯಲಿಲ್ಲ. ಎಲೆಗೇ ಹಾಕ್ದೆ, ಇನ್ನೊಂದು ಸ್ವಲ್ಪ ಜಾಸ್ತೀನೇ ಹಾಕ್ದೆ.

ಈಗ ಅದೇ ಮಾವ ಭಾನುವಾರ ಹೊಳಲೂರಿಂದ ಬರ್ತಾರಂತೆ, ಮೊಮ್ಮಕ್ಕಳನ್ನ ಕಟ್ಕೊಂಡು. ನಾನು ಆಡೋದು ನೋಡೋಕೆ. ಬರಲಿ ಬಿಡು. ಟೀ ಕುಡಿದು ಹೋಗಲಿ. ಆಟ ಇಲ್ಲ. ಕ್ಯಾನ್ಸಲ್ ಅಂದ್ರೆ ಕ್ಯಾನ್ಸಲ್.

ಕೂತ್ಕೋ ಮಾರಾಯ್ತಿ, ಬಾಗಿಲಲ್ಲೇ ನಿಂತಿದೀಯಲ್ಲ. ಆ ಕುರ್ಚಿ ಬೇಡ, ಕಾಲು ಅಲ್ಲಾಡುತ್ತೆ. ಇಲ್ಲಿ. ಸ್ಕೂಲಿಗೆ ರಜಾ ಹಾಕಿ ಭದ್ರಾವತಿಯಿಂದ ಓಡಿ ಬಂದಿದೀಯ, ನನ್ನ ವಾಟ್ಸಾಪ್ ಸ್ಟೇಟಸ್ ನೋಡಿ! ಏನಾಯ್ತು ಅಂತ ಇಷ್ಟು ಗಾಬರಿ? ಹೊರಗೆ ಫ್ಲೆಕ್ಸ್ ಕಟ್ಟಿದ್ದೆ, "ಈ ಅಂಗಡಿ ಒಡತಿ ಹೊಸ ಆಟದ ಡ್ರ್ಯಾಗನ್ನನ್ನ ಎಲ್ಲರ ಎದುರು ಒಂದೇ ಸಲಕ್ಕೆ ಮುಗಿಸ್ತಾಳೆ, ಆಗದಿದ್ರೆ ಅವತ್ತು ಎಲ್ಲರಿಗೂ ಆಟ ಪುಕ್ಕಟೆ" ಅಂತ. ಕಟ್ಟಿದೋಳು ನಾನು, ಬಿಚ್ಚಿದೋಳೂ ನಾನು. ಮುಗೀತಲ್ಲ?

ಹೌದು, ಹೇಳಿದ ಮಾತು ನಾನು ಯಾವತ್ತೂ ವಾಪಸ್ ತಗೊಂಡಿಲ್ಲ. ಗೊತ್ತು. ಅದಕ್ಕೇ ಹಾಗೆ ನೋಡ್ತಿದೀಯ. ಬಾಯಿ ಬಿಟ್ಟು ಕೇಳೋದಿಲ್ಲ, ನೋಡ್ತೀಯ. ಚಿಕ್ಕೋಳಿದ್ದಾಗಿಂದ ಹೀಗೇ ನೀನು.

ಕಾರಣ ಬೇಕಾ? ಕೇಳು. ಆ ಆಟಾನ ಕೆಡಿಸಿಟ್ಟಿದ್ದಾರೆ ಕಣೆ! ಕಾಗದನಗರದ ಕ್ವಾರ್ಟರ್ಸಿನಲ್ಲಿ ನಾವಿಬ್ಬರೂ ಜೀವ ಬಿಟ್ಕೊಂಡು ಆಡಿದ ಅದೇ ಆಟ. ಅದೇ ಕಥೆ, ಅದೇ ಊರು, ಅದೇ ಡ್ರ್ಯಾಗನ್. ಹೊಸದಾಗಿ ಮಾಡಿ ರೀಮೇಕ್ ಅಂತ ಬಿಟ್ಟಿದ್ದಾರೆ. ಚಂದ ಇದೆ, ಇಲ್ಲ ಅನ್ನಲ್ಲ. ಡ್ರ್ಯಾಗನ್ನಿನ ಒಂದೊಂದು ಚಿಪ್ಪೂ ಹೊಳೆಯುತ್ತೆ. ಆದ್ರೆ ಸರದಿ ತೆಗೆದುಹಾಕಿದ್ದಾರೆ! ಮೊದಲು ಹೇಗಿತ್ತು? ನಾವು ಹೊಡೀಬೇಕು, ಆಮೇಲೆ ಅದು ಹೊಡೀಬೇಕು, ಮತ್ತೆ ನಮ್ಮ ಸರದಿ. ನಾವು ಯೋಚ್ನೆ ಮಾಡೋವರೆಗೂ ಅದು ಬಾಯಿ ತೆರ್ಕೊಂಡು ಕಾಯ್ತಾ ನಿಂತಿರ್ತಿತ್ತು. ಈಗ? ಕಾಯೋದೇ ಇಲ್ಲ. ನೀನು ಕಣ್ಣು ಮಿಟುಕಿಸೋದರೊಳಗೆ ಬಾಲದಲ್ಲಿ ಬಾರಿಸುತ್ತೆ. ಓಡು, ಹಾರು, ಒತ್ತು, ಒತ್ತು, ಒತ್ತು! ಇದೊಂದು ಆಟವಾ?

ಚೌಕಾಬಾರದಲ್ಲಿ ನಾಲ್ಕು ಜನಾನೂ ಒಟ್ಟಿಗೆ ಕವಡೆ ಎಸೆದ್ರೆ ಅದಕ್ಕೆ ಆಟ ಅಂತಾರಾ? ಜಗಳ ಅಂತಾರೆ. ಪಂಕ್ತಿ ಊಟಕ್ಕೂ ಬಫೆಗೂ ಇರೋ ವ್ಯತ್ಯಾಸ ಇದು. ಪಂಕ್ತೀಲಿ ಕೂತ್ರೆ ನಿನ್ನ ಎಲೆ ಹತ್ರಾನೇ ಬರ್ತಾರೆ, ಬೇಕಾ ಬೇಡ್ವಾ ಕೇಳ್ತಾರೆ. ಬಫೇಲಿ? ತಟ್ಟೆ ಹಿಡ್ಕೊಂಡು ನುಗ್ಗಬೇಕು, ನುಗ್ಗಿದೋನಿಗೆ ಜಾಮೂನು, ನಿಂತೋನಿಗೆ ಬರೀ ಅನ್ನ… ಯಾಕೆ ನಗ್ತೀಯ? ನಿನ್ನ ಗಂಡನ ನೆನಪಾಯ್ತಾ? ಅವರು ಬಫೇಲಿ ಎರಡು ತಟ್ಟೆ ಹಿಡ್ಕೊಂಡು ನಿಂತಿದ್ದು ನಾನೂ ನೋಡಿದೀನಿ.

ಡಬ್ಬೀಲಿ ಏನು ತಂದಿದೀಯ? ಚಕ್ಕುಲಿನಾ? ಇರಲಿ, ಆಮೇಲೆ ತಿಂತೀನಿ. ಇಲ್ಲ, ಈಗ ಬೇಡ. ಅಲ್ಲೇ ಇಡು… ಸರಿ, ನೀನೇ ತೆಗೆದುಕೊಡು ಹಾಗಾದ್ರೆ. ಮುಚ್ಚಳ ಬಿಗಿ ಇದೆ. ಈ ಪ್ಲಾಸ್ಟಿಕ್ ಡಬ್ಬಿಗಳೇ ಹೀಗೆ.

ಏನು ನೋಡ್ತಿದೀಯ? ಕೂದಲಾ? ಕತ್ತರಿಸ್ಕೊಂಡೆ. ಜಡೆ ಸಾಕಾಯ್ತು ಕಣೆ, ಬೆಳಿಗ್ಗೆ ಎದ್ದು ಅದನ್ನ ಹೆಣೀತಾ ಕೂರೋಕೆ ಯಾರಿಗೆ ಪುರುಸೊತ್ತು? ನಮ್ಮ ಈ ವಿನೋಬನಗರದಲ್ಲಿ ಈಗ ಎಲ್ಲರೂ ಹೀಗೇ ಬಿಡೋದು.

ನೀನು ಬರೋ ಹೊತ್ತಿಗೆ ಪಕ್ಕದ ಮೆಡಿಕಲ್ಸಿನ ಜನಾರ್ದನ ಅವರು ಶಟರ್ ಎತ್ತಿಕೊಡ್ತಿದ್ರು, ಅದನ್ನೂ ನೋಡಿದ್ಯಲ್ಲ. ಅದರಲ್ಲೇನು? ಪಕ್ಕದ ಅಂಗಡಿಯೋರು, ದಿನಾ ಎತ್ತಿಕೊಡ್ತಾರೆ. ಶಟರಿಗೆ ತುಕ್ಕು ಹಿಡಿದಿದೆ. ಎಣ್ಣೆ ಬಿಡಬೇಕು.

ನಾನು ಏನು ಹೇಳ್ತಿದ್ದೆ? ಹಾಂ, ಕಾಯೋದು.

ಆ ಆಟ ಕಾಯದೆ ಇದ್ದಿದ್ರೆ ನಾನು ಇವತ್ತು ಏನಾಗಿರ್ತಿದ್ದೆ ಹೇಳು? ಕಾಗದದ ಮಿಲ್ಲಲ್ಲಿ ಸಂಬಳ ನಿಂತ ಮೇಲೆ ಅಪ್ಪನಿಗೆ ನನ್ನನ್ನ ಓದಿಸೋಕಾಗಲಿಲ್ಲ. ಇಂಗ್ಲಿಷ್ ಯಾರು ಕಲಿಸಿದ್ರು ನನಗೆ? ಆ ಆಟದ ಪರದೆ ಕೆಳಗೆ ಚೌಕದೊಳಗೆ ಬರ್ತಿದ್ದ ಅಕ್ಷರ. ಒಂದು ಸಾಲು ಬರೋದು, ನಿಲ್ಲೋದು. ನಾನು ಡಿಕ್ಷನರಿ ತೆಗೀತಿದ್ದೆ, ನೀನು ಪುಟ ತಿರುವ್ತಿದ್ದೆ. 'ಪಾಯ್ಸನ್' ಅಂದ್ರೆ ವಿಷ ಅಂತ ಹುಡುಕೋದರೊಳಗೆ ನಮ್ಮ ಕತ್ತಿ ವೀರ ಓಂಕಾರಪ್ಪ ಸತ್ತೇ ಹೋಗ್ತಾನೆ ಅಂತ ನೀನು ಅತ್ತೆ. ಅವನು ಸಾಯಲಿಲ್ಲ! ಅರ್ಥ ಸಿಗೋವರೆಗೂ ಹಾಗೇ ನಿಂತಿದ್ದ! ಟೀಚರು ಕಾಯಲಿಲ್ಲ, ನೆಂಟರು ಕಾಯಲಿಲ್ಲ. ಪ್ರಪಂಚದಲ್ಲಿ ನನಗೋಸ್ಕರ ಕಾದಿದ್ದು ಅದೊಂದೇ. ಅಲ್ಲಿಂದ ಹಿಡಿದ ಓದು ನಂದು. ಈಗ ಎಂಥ ದಪ್ಪ ಪುಸ್ತಕ ಕೊಡು, ಹೆದರಲ್ಲ.

ನಿಜವಾದ ಓಂಕಾರಪ್ಪ ನೆನಪಿದ್ದಾನಾ? ಮಿಲ್ಲಿನ ಗೇಟಲ್ಲಿ ಮೀಸೆ ಬಿಟ್ಕೊಂಡು ಎಲ್ಲರ ಮೇಲೂ ಕಿರುಚ್ತಿದ್ದ ಆ ಟೈಂ ಕೀಪರು. ನಮ್ಮ ಕತ್ತಿ ವೀರನಿಗೆ ಅವನ ಹೆಸರೇ ಇಟ್ಟಿದ್ವಿ. ಮದ್ದು ಮಾಡೋಳಿಗೆ ಜಲಜಮ್ಮ, ಡಿಸ್ಪೆನ್ಸರೀಲಿ ಸೂಜಿ ಚುಚ್ಚಿ ಪೆಪ್ಪರ್‌ಮೆಂಟ್ ಕೊಡ್ತಿದ್ದೋರು. ಓಂಕಾರಪ್ಪ ನನ್ನೋನು, ಜಲಜಮ್ಮ ನಿನ್ನೋಳು. ಇದ್ದಿದ್ದು ಒಂದೇ ಕಂಟ್ರೋಲರು. ನನ್ನ ಸರದಿ ಆದ ಕೂಡ್ಲೆ ನಿನ್ನ ಕೈಗೆ, ನಿಂದಾದ ಕೂಡ್ಲೆ ನನ್ನ ಕೈಗೆ. ಇಬ್ಬರೂ ಒಂದೇ ಆಟ ಆಡಿದ್ವಿ. ಈ ರೀಮೇಕಲ್ಲಿ ಹಾಗೆ ಆಡು ನೋಡೋಣ! ಕೈ ಬದಲಾಯಿಸೋದರೊಳಗೆ ಇಬ್ಬರೂ ಬೂದಿ.

ಊಟಕ್ಕೆ ಕೂತಾಗ ಅಮ್ಮ ಏನು ಮಾಡ್ತಿದ್ಲು? ಟಿವಿ ಮೇಲೆ ಅಪ್ಪನ ಟವೆಲ್ ಹಾಕ್ತಿದ್ಲು! "ಆ ಹಾಳು ಪ್ರಾಣಿ ಅನ್ನದ ತಟ್ಟೆ ನೋಡ್ತಾ ನಿಲ್ಲೋದು ಬೇಡ, ದೃಷ್ಟಿಯಾಗುತ್ತೆ" ಅಂತ. ನಾವು ಮುದ್ದೆ ನುಂಗಿ ಕೈ ತೊಳ್ಕೊಂಡು ಬಂದು ಟವೆಲ್ ಎತ್ತಿದ್ರೆ, ಡ್ರ್ಯಾಗನ್ ಅಲ್ಲೇ! ಪಾಪ, ಅದಕ್ಕೂ ಒಂದು ತುತ್ತು ಇಡಬೇಕು ಅಂತ ನೀನು…

ಏ, ಏನು ಮಾಡ್ತಿದೀಯ? ಆನ್ ಮಾಡಬೇಡ ಅದನ್ನ. ಒಂಬತ್ತಾಯ್ತು, ಹುಡುಗರು ಬರೋ ಹೊತ್ತು. ಸರಿ, ಆಡು. ನಿನ್ನ ಆಸೆ ಯಾಕೆ ಬೇಡ ಅನ್ನಲಿ. ಆಡಿ ನೋಡು, ನಾನು ಹೇಳಿದ್ದು ನಿಜವೋ ಸುಳ್ಳೋ ನಿನಗೇ ಗೊತ್ತಾಗುತ್ತೆ. ಡ್ರ್ಯಾಗನ್ನಿನ ಗುಹೆ ಹತ್ರಾನೇ ಸೇವ್ ಮಾಡಿಟ್ಟಿದೀನಿ. ಹಾಂ, ಅದೇ. ಒಳಗೆ ಹೋಗು.

ಬಂತು ನೋಡು! ಎಡಕ್ಕೆ, ಎಡಕ್ಕೆ ಹೋಗೇ! ಅಯ್ಯೋ, ನಿಂತ್ಕೊಂಡು ಏನು ನೋಡ್ತೀಯ, ಅದೇನು ಮ್ಯೂಸಿಯಮ್ಮಾ? ಗುರಾಣಿ! ಹಾಂ… ಈಗ ಹೊಡಿ! ಮತ್ತೆ! ಮತ್ತೆ! ಛೇ, ಬಾಲ, ಬಾಲ ಬರ್ತಿದೆ, ಹಾರು!… ಪರವಾಗಿಲ್ಲ ಕಣೆ ನೀನು. ಇಪ್ಪತ್ತು ವರ್ಷ ಮುಟ್ಟದೆ ಇದ್ರೂ ಕೈ ಓಡುತ್ತೆ.

ಏನು? ನನಗೆ ಯಾಕೆ ಕೊಡ್ತೀಯ? ಬೇಡ. ನೀನೇ ಆಡು. ಬೇಡ ಅಂದೆನಲ್ಲ! ನನಗೆ ಈ ಥರದ ಆಟ ಇಷ್ಟ ಇಲ್ಲ, ಆಗಿಂದ ಗಂಟಲು ಹರ್ಕೊಂಡು ಅದನ್ನೇ ಹೇಳ್ತಿರೋದು. ಇದು ಮರ್ಯಾದೆ ಪ್ರಶ್ನೆ. ಈ ಥರ ಆಟಕ್ಕೆ ನಾನು ಕೈ ಹಾಕಿದ್ರೆ ಇದು ಸರಿ ಅಂತ ಒಪ್ಪಿದ ಹಾಗೆ. ತಗೋ ಅದನ್ನ ಆಚೆ… ನೋಡು, ಬಿತ್ತು. ನೀನು ಸರಿಯಾಗಿ ಹಿಡಿದುಕೊಡಲಿಲ್ಲ. ಚಕ್ಕುಲಿ ಎಣ್ಣೆ ಕೈ ನಿಂದು, ಜಾರಿತು.

ಎಲ್ಲಿಗೆ ಹೋದೆ? ಸೆಟ್ಟಿಂಗ್ಸಾ? ಅಲ್ಲೇನಿದೆ… ಓ. ಅದನ್ನ ಹುಡುಕಿದ್ಯಾ? "ಆಜ್ಞೆ ಕೊಡುವವರೆಗೂ ಯುದ್ಧ ನಿಲ್ಲಲಿ." ಅಂಥದ್ದೊಂದು ಇದೆ ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಆಟ ಬಂದ ದಿನಾನೇ ನೋಡಿದೀನಿ. ಅದರ ಮೇಲೆ ಏನು ಬರೆದಿದ್ದಾರೆ ಓದು. ಓದು! "ಸುಲಭ." ಸುಲಭ ಅಂತೆ! ಕೈಲಾಗದೋರಿಗೆ ಅಂತ ನೇರವಾಗಿ ಹೇಳೋ ಬದಲು ಮರ್ಯಾದೆಯಾಗಿ ಹೇಳಿದ್ದಾರೆ. ಭಾನುವಾರ ಜಂಬಣ್ಣ ಮಾವನ ಎದುರು, ಅಷ್ಟೂ ಹುಡುಗರ ಎದುರು, ಪರದೆ ಮೂಲೇಲಿ ಸುಲಭ ಅಂತ ಬರೆಸ್ಕೊಂಡು ಆಡಬೇಕಾ ನಾನು?

ಹಾಕೇಬಿಟ್ಯಾ. ಹಟ ನಿಂದು.

ನಿಂತಿತು. ನೋಡು, ಬೆಂಕಿ ಬಾಯಲ್ಲೇ ನಿಂತಿದೆ… ಓಂಕಾರಪ್ಪನ ಸರದಿ. ಒತ್ತು. ಕತ್ತಿ ಬೇಡ, ಮೊದಲು ಗುರಾಣಿ ಹಿಡಿ. ಒತ್ತೇ. ಯಾಕೆ ಕೆಳಗಿಟ್ಟೆ? ರಶ್ಮಿ, ಇದೇನಿದು? ನಿನ್ನ ವೇಲು ಯಾಕೆ ಪರದೆ ಮೇಲೆ…

…

ತೆಗಿ ಅದನ್ನ. ಹುಡುಗರು ಬಂದ್ರೆ ಏನಂತಾರೆ.

ಎಷ್ಟು ಹೊತ್ತು ಹೀಗೇ ಕೂತಿರ್ತೀಯ? ಬಸ್ಸಿಲ್ವಾ ನಿನಗೆ? ಓಂಕಾರಪ್ಪನ ಸರದಿ ನಂದೇ, ಗೊತ್ತು. ನನಗೇ ಹೇಳಿಕೊಡ್ತೀಯಾ? ನಿನಗೆ ಟೈಫಾಯಿಡ್ ಬಂದು ಆಸ್ಪತ್ರೆ ಸೇರಿದಾಗ ಜಲಜಮ್ಮನ ಸರದಿ ಬಂದಿತ್ತು. ನಾನು ಒತ್ತಲಿಲ್ಲ. ಆಟದ ಪೆಟ್ಟಿಗೆ ರೊಟ್ಟಿ ಹಂಚಿನ ಹಾಗೆ ಕಾದಿತ್ತು, ಸುಟ್ಟುಹೋಗುತ್ತೆ ಆರಿಸು ಅಂತ ಅಪ್ಪ ಬೈದ್ರು. ಆರಿಸಲಿಲ್ಲ. ನೀನು ಮನೆಗೆ ಬರೋವರೆಗೂ ಟವೆಲ್ ಹೊದ್ಕೊಂಡೇ ಇತ್ತು ಅದು. ಬಂದು ನೀನೇ ಒತ್ತಿದೆ… ಅದನ್ನ ನೆನಪಿಟ್ಕೊಂಡಿದೀಯ ಅಂತ ಗೊತ್ತಿರಲಿಲ್ಲ ನನಗೆ.

ಹಾಗೆ ನನ್ನ ಕೈ ನೋಡಬೇಡ.

ನೋಡು ಹಾಗಾದ್ರೆ. ತಗೋ, ಸರಿಯಾಗಿ ನೋಡು. ಎಡಗೈ ಪಕ್ಕ ಇಟ್ಟು ನೋಡು. ಇಲ್ಲಿ, ಹೆಬ್ಬೆರಳಿನ ಬುಡದಲ್ಲಿ ದಪ್ಪಗಿರಬೇಕಲ್ಲ, ಗುಂಡಿ ಬಿದ್ದಿದೆ. ಮಣಿಕಟ್ಟಲ್ಲಿ ನರ ಒತ್ಕೊಂಡು ಮಾಂಸ ಒಣಗಿದೆಯಂತೆ. ಡಿಟಿಪಿ ಅಂಗಡೀಲಿ ಹಗಲೆಲ್ಲ ಕಂಡೋರ ಮದುವೆ ಕಾಗದ ಟೈಪ್ ಮಾಡಿದೆನಲ್ಲ, ಆಮೇಲೆ ಇಲ್ಲಿ ಹುಡುಗರು ಮುರಿದಿಟ್ಟ ಕಂಟ್ರೋಲರುಗಳ ಸ್ಕ್ರೂ ತಿರುವಿದೆನಲ್ಲ, ಅದರ ಫಲ. ಮೊದಮೊದಲು ಜುಂ ಅಂತಿತ್ತು. ಆಪರೇಷನ್ ಮಾಡಿಸ್ಕೋ, ಸಣ್ಣದು, ಆಮೇಲೆ ಕೈಗೆ ವಿಶ್ರಾಂತಿ ಕೊಡು ಅಂದ್ರು ಡಾಕ್ಟರು. ಹೇಗೆ ಕೊಡಲಿ? ಈ ಜಾಗ ಕೊಳ್ಳೋಕೆ ಹೊರಟಿದ್ದ ವರ್ಷ ಅದು. ಶಟರ್ ಇಳಿದ್ರೆ ಮಾವನ ಮಾತು ನಿಜವಾಗಿಬಿಡ್ತಿತ್ತು. ತಡಿ, ಆಮೇಲೆ, ಆಮೇಲೆ ಅಂದೆ. ಈಗ ಮಾಡಿದ್ರೆ ನೋವು ಹೋಗುತ್ತಂತೆ. ಹೋದ ಮಾಂಸ ಬರುತ್ತೋ ಇಲ್ವೋ ಅವರೂ ಹೇಳಲ್ಲ.

ಫ್ಲೆಕ್ಸ್ ಕಟ್ಟಿದ ಮೇಲೆ ದಿನಾ ಬೆಳಿಗ್ಗೆ ಬಾಗಿಲು ಹಾಕ್ಕೊಂಡು ಆಡಿ ನೋಡಿದೆ ಕಣೆ. ಒಂದು ಸಲಾನೂ ಆಗಲಿಲ್ಲ. ಬಾಲ ಬರೋದು ಕಾಣ್ಸುತ್ತೆ. ಹಾರಬೇಕು ಅಂತ ಗೊತ್ತಾಗುತ್ತೆ. ಬೆರಳು ಹೋಗಲ್ಲ.

ಅಳಬೇಡ. ಅಳೋ ಹಾಗಿದ್ರೆ ಮೊದಲ ಬಸ್ಸಿಗೇ ವಾಪಸ್ ಹೋಗು. ಕೈ ಬಿಡು… ಇಲ್ಲ, ಇರಲಿ, ಹಿಡ್ಕೋ.

ಆ ವೇಲು ತೆಗಿ. ಅಲ್ಲೇ ಇದೆಯಾ? ಬೆಂಕಿ ಹಿಡ್ಕೊಂಡು ಹಾಗೇ ನಿಂತಿದೆ, ಪಾಪ. ಕೊಡಿಲ್ಲಿ ಕಂಟ್ರೋಲರು. ಮಡಿಲಲ್ಲಿ ಇಡು, ಬಲಗೈಗೆ ಬೇಡ. ಎಡಗೈ ತೋರುಬೆರಳಲ್ಲಿ ಒತ್ತೀನಿ. ನಿಧಾನ ಆಗುತ್ತೆ. ಆಗಲಿ, ಅದಕ್ಕೇನು ಅವಸರ… ಗುರಾಣಿ. ಹಾಂ. ಈಗ ಜಲಜಮ್ಮ, ನಿನ್ನ ಸರದಿ, ತಗೋ.

ಭಾನುವಾರ ನೀನೂ ಬಾ. ಫ್ಲೆಕ್ಸ್ ಮತ್ತೆ ಕಟ್ಟಬೇಕು, ಜನಾರ್ದನ ಅವರಿಗೆ ಹೇಳ್ತೀನಿ. ಸುಲಭ ಅಂತ ಬರೆದಿದ್ರೆ ಬರೆದಿರಲಿ. ಮಾವ ಓದಲಿ, ಮೊಮ್ಮಕ್ಕಳಿಗೂ ಓದಿ ಹೇಳಲಿ. ಏನಮ್ಮಾ ಜಯಶೀಲಾ, ಹೀಗ್ಯಾಕೆ ನಿಂತು ನಿಂತು ಆಡ್ತೀಯ ಅಂತ ಕೇಳಿಯೇ ಕೇಳ್ತಾರೆ. ಹೇಳ್ತೀನಿ. ಮಾವ, ಈ ಅಂಗಡಿ ನಂದು, ಬಾಡಿಗೇದಲ್ಲ, ಗೋಡೆ ಸಮೇತ ನಂದು. ಈ ಕುರ್ಚಿ, ಈ ಪರದೆ, ಹೊರಗಿನ ಬೋರ್ಡು, ತುಕ್ಕೇ ಹಿಡಿಯದ ಆ ಶಟರು, ಎಲ್ಲ ನಂದು. ಬಲಗೈ ಹೆಬ್ಬೆರಳು ಒಂದು ಬಿಟ್ಟು.