ಜಿಂಕೆಮರಿಯ ಅಳು

ಟೆಕ್ಸಾಸಿನ ಆ ಮೇವಿನಂಗಡಿಯ ಸಾಲಿನಲ್ಲಿ ಕೋಳಿಕಾಳಿಗೆಂದು ನಿಂತಿದ್ದ ವರ್ಲೀನ್‌ಗೆ, ಮುಂದಿದ್ದ ಅಣ್ಣತಮ್ಮಂದಿರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅಣ್ಣ ಗ್ರೇಡಿಯ ಕಂಕುಳಲ್ಲಿ, ರಾತ್ರಿ ಬೇಟೆಯಲ್ಲಿ ಮರಿಗಳ ಕೂಗು ಹೊರಡಿಸಿ ತೋಳಗಳನ್ನು ಹತ್ತಿರಕ್ಕೆ ಕರೆಯುವ ಕೂಗುಪೆಟ್ಟಿಗೆಯಿತ್ತು.

"ಇದನ್ಯಾಕೋ ಮಾರ್ತೀಯ? ಕಾಡುಹಂದಿಗೆ ಹೆದರ್ಕೊಂಡ್ಯಾ?" ಎಂದು ತಮ್ಮ ಡೆಲ್ಬರ್ಟ್ ನಕ್ಕ.

"ಇದ್ರಲ್ಲಿ ಜಿಂಕೆಮರಿ ಅಳೋದು ಕೇಳಿದ್ದೀಯಲ್ಲ? ಥೇಟ್ ಕೂಸು ಅತ್ತಂಗೆ."

"ಅದಕ್ಕೇ ಅಲ್ವೇನೋ ತೋಳ ಓಡಿಬರೋದು?"

"ಶನಿವಾರ ತೋಳ ಬರ್ಲಿಲ್ಲ. ಪೊದೆಯೊಳಗಿಂದ ಏನೋ ತೆವಳ್ಕೊಂಡು ಬಂತು. ಬಂದೂಕಿನ ರಾತ್ರಿ ದುರ್ಬೀನಲ್ಲಿ ಮೈಕಾವು ಬಿಟ್ರೆ ಮುಖ ಎಲ್ಲಿ ಕಾಣುತ್ತೆ? ಹಂದಿ ಅಂತ್ಲೇ ಗುರಿಯಿಟ್ಟೆ. ಟ್ರಿಗರ್ ಮೇಲೆ ಬೆರಳಿತ್ತು. ಅಷ್ಟ್ರಲ್ಲಿ ಅದು ಎದ್ದು ನಿಂತ್ಕೊಳ್ತು."

"ಯಾರು?"

"ಅವ್ವ."

ಡೆಲ್ಬರ್ಟನ ನಗು ನಿಂತಿತು.

"ಅವ್ವಂಗೆ ಈಗೀಗ ನಮ್ಮ ಗುರುತೇ ಸಿಗಲ್ಲ. ಅಷ್ಟು ದೂರ ಹೆಂಗೆ ಬಂದ್ಲೋ?"

"ಕೂಸು ಅಳ್ತಿದೆ, ಎತ್ಕೋಬೇಕು ಅಂದ್ಲು. ಮುಳ್ಳು ತರಚಿ ಅಂಗೈಯೆಲ್ಲ ರಕ್ತ ಕಣೋ."

"ಹೋಗ್ಲಿ ಬಿಡು, ಹೊಡೀಲಿಲ್ವಲ್ಲ. ಇನ್ಮೇಲೆ ಬಾಗಿಲಿಗೆ ಬೀಗ ಹಾಕು."

"ಹಾಕಿದ್ದೆ. ಪೆಟ್ಟಿಗೇನೂ ಆರಿಸಿದ್ದೆ. ನಿನ್ನೆ ಅವ್ವ ಬಾಗಿಲು ಬಡೀತಾ, ಅಳ್ತಿದೆ, ನಿಂಗೆ ಕೇಳಿಸ್ತಿಲ್ವಾ ಅಂದ್ಲು."

"ನೀನೇನಂದೆ?"

ಗ್ರೇಡಿ ಪೆಟ್ಟಿಗೆಯನ್ನು ಅಂಗಡಿಯವನ ಮುಂದಿನ ಕಟ್ಟೆಯ ಮೇಲಿಟ್ಟ.

"ಬೀಗ ತೆಗೆದೆ. ನಂಗೂ ಕೇಳಿಸ್ತಿತ್ತು."

ಅಂಗಡಿಯವನು ಎಷ್ಟಕ್ಕೆ ಕೊಡುತ್ತೀರೆಂದು ಕೇಳಿದ. ಅಣ್ಣತಮ್ಮಂದಿರು ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಹೊರಟುಹೋದರು.